ವಾಲ್ಯೂಮ್ ಗುಂಡಿಯ ಹಿಂದಿನ ಕೋಡ್ ಓದುವಾಗ

ಟ್ಯಾಬ್ಲೆಟ್‌ನ ಅಂಚಿನಲ್ಲಿರುವ ವಾಲ್ಯೂಮ್ ಗುಂಡಿಯನ್ನು ಒತ್ತಿದಾಗ ಒಳಗೆ ನಡೆಯುವುದು ಬಹಳ ಸರಳ. ಎರಡು ಲೋಹದ ತುಣುಕುಗಳು ಒಂದಕ್ಕೊಂದು ತಾಗುತ್ತವೆ, ಅದರಿಂದ ಚಿಪ್‌ನ ಒಂದು ಪಿನ್ನಿನ ವೋಲ್ಟೇಜು ಬದಲಾಗುತ್ತದೆ. ಈ ಬದಲಾವಣೆಯನ್ನು ಗಮನಿಸಿ, ಇಂಥ ಗುಂಡಿಯನ್ನು ಒತ್ತಲಾಗಿದೆ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ವರದಿ ಮಾಡುವ ಪುಟ್ಟ ಪ್ರೋಗ್ರಾಮೇ ಡ್ರೈವರ್. ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪ್ರತಿ ಗುಂಡಿಗೂ ಒಂದು ಸಂಖ್ಯೆ ಇದೆ: ಧ್ವನಿ ಇಳಿಸಲು 114, ಏರಿಸಲು 115, ಪವರ್ ಗುಂಡಿಗೆ 116. ಒತ್ತಿದರೆ ಡ್ರೈವರ್ ಆ ಸಂಖ್ಯೆಯ ಜೊತೆಗೆ 1 ಎಂದೂ, ಬಿಟ್ಟರೆ 0 ಎಂದೂ ಕಳುಹಿಸಬೇಕು. ಇಷ್ಟು ಸಣ್ಣ ಕೆಲಸದ ಕೋಡನ್ನು ಮತ್ತೊಬ್ಬರು ಕುಳಿತು ಸಾಲುಸಾಲಾಗಿ ಓದುವ ಅಗತ್ಯವೇನು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಮಂಡ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಟ್ಯಾಬ್ಲೆಟೊಂದನ್ನು ಕೊಂಡು, ಅದರಲ್ಲಿದ್ದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದ. ಪರದೆ, ವೈಫೈ ಎಲ್ಲವೂ ಸರಿಯಾದವು, ಗುಂಡಿಗಳು ಮಾತ್ರ ಸುಮ್ಮನಿದ್ದವು. ಹಾಗಾಗಿ ತಾನೇ ಒಂದು ಡ್ರೈವರ್ ಬರೆದು, ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕಳುಹಿಸುವ ಮುನ್ನ ಒಮ್ಮೆ ನೋಡಿಕೊಡಿ ಎಂದು ನನ್ನ ಬಳಿಗೆ ತಂದ. "ಒತ್ತಿದ್ರೆ ಕೆಲ್ಸ ಮಾಡ್ತದೆ ಸಾ, ಇನ್ನೇನ್ ನೋಡ್ಬೇಕು?" ಎಂಬುದು ಅವನ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಒತ್ತಿದಾಗ ಏನಾಗುತ್ತದೆ ಎಂಬುದನ್ನು ಬರೆದವನೇ ಪರೀಕ್ಷಿಸಿರುತ್ತಾನೆ. ಓದುವವನು ಹುಡುಕಬೇಕಾದದ್ದು ಅದರ ಆಚೀಚಿನ ಕ್ಷಣಗಳಲ್ಲಿ.

ಮೊದಲನೆಯದು ತಾಗುವ ಕ್ಷಣವೇ. ಲೋಹದ ತುಣುಕುಗಳು ಒಮ್ಮೆ ತಾಗಿ ಹಾಗೆಯೇ ನಿಲ್ಲುವುದಿಲ್ಲ. ನೆಲಕ್ಕೆ ಬಿದ್ದ ಹಿತ್ತಾಳೆ ತಟ್ಟೆಯಂತೆ ಸ್ವಲ್ಪ ಹೊತ್ತು ಅದುರಿದ ಮೇಲೆಯೇ ಸುಮ್ಮನಾಗುತ್ತವೆ. ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುವ ಈ ಅದುರಾಟ ನಮ್ಮ ಬೆರಳಿಗೆ ತಿಳಿಯುವುದಿಲ್ಲ. ಪ್ರೊಸೆಸರ್‌ಗಾದರೋ ಅದು ದೀರ್ಘ ಕಾಲ; ಒಂದೇ ಒತ್ತುವಿಕೆ ಹತ್ತಾರು ಸಲ ಒತ್ತಿ ಬಿಟ್ಟಂತೆ ಅದಕ್ಕೆ ಕಾಣಬಹುದು. ವಿದ್ಯಾರ್ಥಿಯ ಕೋಡ್ ಪಿನ್ನಿನ ಪ್ರತಿ ಏರಿಳಿತಕ್ಕೂ ಒಂದೊಂದು ವರದಿ ಕಳುಹಿಸುತ್ತಿತ್ತು. ಅವನ ಟ್ಯಾಬ್ಲೆಟ್‌ನ ಗುಂಡಿ ಗಟ್ಟಿಯಾಗಿದ್ದುದರಿಂದ ತೊಂದರೆ ಕಂಡಿರಲಿಲ್ಲ, ಸವೆದ ಗುಂಡಿಯಾಗಿದ್ದರೆ ಧ್ವನಿ ಒಂದು ಹೆಜ್ಜೆಯ ಬದಲು ನಾಲ್ಕು ಹೆಜ್ಜೆ ಏರುತ್ತಿತ್ತು. ಇದಕ್ಕೆ ಪರಿಹಾರ ಕಾಯುವುದು. ಪ್ರತಿ ಬದಲಾವಣೆಗೂ ಒಂದು ಟೈಮರನ್ನು ಹೊಸದಾಗಿ ಶುರುಮಾಡಿ, ಅದು ಮುಗಿಯುವವರೆಗೆ ಬೇರೆ ಬದಲಾವಣೆ ಬಾರದಿದ್ದರೆ ಮಾತ್ರ ಪಿನ್ನಿನ ಸ್ಥಿತಿಯನ್ನು ಓದಿ ವರದಿ ಮಾಡುವುದು. ಲಿನಕ್ಸ್‌ನಲ್ಲಿ ಗುಂಡಿಗಳಿಗೆಂದೇ ಇರುವ ಸಾಮಾನ್ಯ ಡ್ರೈವರ್, ಹಾರ್ಡ್‌ವೇರ್‌ನ ವಿವರಣೆಯಲ್ಲಿ ಬೇರೆ ಅವಧಿ ಹೇಳದಿದ್ದರೆ, 5 ಮಿಲಿಸೆಕೆಂಡು ಕಾಯುತ್ತದೆ. ಇಂಟೆಲ್ ಚಿಪ್‌ನ ವಿಂಡೋಸ್ ಟ್ಯಾಬ್ಲೆಟ್‌ಗಳಿಗಾಗಿ ಬರೆದ ಡ್ರೈವರ್‌ನಲ್ಲಿ ಈ ಅವಧಿ 50 ಮಿಲಿಸೆಕೆಂಡು.

ಇದಕ್ಕಿಂತ ಕೆಟ್ಟ ಸಾಧ್ಯತೆಯೊಂದಿದೆ. ಅದುರಾಟದ ನಡುವೆ ಪಿನ್ನನ್ನು ಓದಿದ ಡ್ರೈವರ್‌ಗೆ ಕೊನೆಯ ಬಿಡುವಿಕೆ ತಪ್ಪಿಹೋದರೆ ಸಿಸ್ಟಮ್‌ನ ಲೆಕ್ಕದಲ್ಲಿ ಗುಂಡಿ ಒತ್ತಿಯೇ ಇರುತ್ತದೆ. ಒತ್ತಿ ಹಿಡಿದ ಗುಂಡಿಯನ್ನು ಕರ್ನಲ್ ತಾನಾಗಿಯೇ ಪುನರಾವರ್ತಿಸುವ ಏರ್ಪಾಡು ಇದೆಯಷ್ಟೆ: 250 ಮಿಲಿಸೆಕೆಂಡು ಕಾದು, ಆಮೇಲೆ 33 ಮಿಲಿಸೆಕೆಂಡಿಗೊಮ್ಮೆ. ಒಂದೇ ಒಂದು 0 ಕಳೆದುಹೋದ ಕಾರಣಕ್ಕೆ, ಗುಂಡಿಯ ಮೇಲೆ ಬೆರಳೇ ಇಲ್ಲದಿದ್ದರೂ ಧ್ವನಿ ತುತ್ತತುದಿಗೆ ಏರಿ ಕೂರುತ್ತದೆ.

ಈ ಪುನರಾವರ್ತನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಾಲ್ಯೂಮ್‌ಗೆ ಅದು ಬೇಕು, ಪವರ್ ಗುಂಡಿಗೆ ಬೇಡ. ಆದರೆ ಲಿನಕ್ಸ್‌ನಲ್ಲಿ ಇದು ಒಂದೊಂದು ಗುಂಡಿಗೆ ಬೇರೆಬೇರೆಯಾಗಿ ಕೊಡುವ ಗುಣವಲ್ಲ, ಇಡೀ ಸಾಧನಕ್ಕೆ, ಅಂದರೆ ಕರ್ನಲ್ ಒಂದೇ ಘಟಕವೆಂದು ಎಣಿಸುವ ಗುಂಡಿಗಳ ಗುಂಪಿಗೆ, ಸೇರಿದ್ದು. ಹೀಗಾಗಿ ಮೇಲೆ ಹೇಳಿದ ಇಂಟೆಲ್ ಟ್ಯಾಬ್ಲೆಟ್ ಡ್ರೈವರ್ ಒಂದೇ ಟ್ಯಾಬ್ಲೆಟ್‌ನ ಗುಂಡಿಗಳನ್ನು ಎರಡು ಸಾಧನಗಳಾಗಿ ವಿಂಗಡಿಸಿ, ವಾಲ್ಯೂಮ್ ಗುಂಡಿಗಳನ್ನು ಒಂದು ಕಡೆಗೂ ಪವರ್, ಹೋಮ್ ಮೊದಲಾದವನ್ನು ಇನ್ನೊಂದು ಕಡೆಗೂ ಸೇರಿಸುತ್ತದೆ. ಓದಿದವರಿಗೆ ಮೊದಲು ವಿಚಿತ್ರವೆನಿಸುವ ಈ ಏರ್ಪಾಟಿನ ಕಾರಣ ಹೊಳೆದಾಗ ನನಗಂತೂ ಬಹಳ ಹಿಡಿಸಿತು.

ನಿದ್ದೆಯ ವಿಷಯ ಇನ್ನೂ ಗಂಭೀರವಾದದ್ದು. ಟ್ಯಾಬ್ಲೆಟ್ ಮಲಗಿರುವಾಗ ಪವರ್ ಗುಂಡಿ ಅದನ್ನು ಎಬ್ಬಿಸಬೇಕು, ಎಬ್ಬಿಸಿ ಸುಮ್ಮನಾಗಬೇಕು. ಎಬ್ಬಿಸಿದ ಆ ಒತ್ತುವಿಕೆಯನ್ನೇ ಡ್ರೈವರ್ ಸಾಮಾನ್ಯ ವರದಿಯಾಗಿಯೂ ಕಳುಹಿಸಿದರೆ, ಆಗಷ್ಟೇ ಎಚ್ಚರಗೊಂಡ ಡೆಸ್ಕ್‌ಟಾಪ್ 'ಪವರ್ ಗುಂಡಿ ಒತ್ತಿದ್ದಾರೆ, ಮಲಗಬೇಕು' ಎಂದು ತಿಳಿದು ಮತ್ತೆ ನಿದ್ದೆಗೆ ಜಾರಬಹುದು. ಮೈಕ್ರೋಸಾಫ್ಟ್ ಸರ್ಫೇಸ್ ಪ್ರೊ 3 ಟ್ಯಾಬ್ಲೆಟ್‌ನ ಗುಂಡಿಗಳ ಡ್ರೈವರ್ ಇದಕ್ಕೆಂದೇ 'ಮಲಗಿದ್ದೇನೆ' ಎಂಬ ಗುರುತೊಂದನ್ನು ಇಟ್ಟುಕೊಂಡಿದ್ದು, ಅದು ಇರುವವರೆಗೆ ಎಬ್ಬಿಸುವ ಸೂಚನೆ ಕೊಟ್ಟರೂ ಗುಂಡಿಯ ವರದಿಯನ್ನು ತಡೆಹಿಡಿಯುತ್ತದೆ. ವಿದ್ಯಾರ್ಥಿಯ ಕೋಡಿನಲ್ಲಿ ನಿದ್ದೆಯ ಪ್ರಸ್ತಾಪವೇ ಇರಲಿಲ್ಲ.

ಕೋಡಿನ ಸಾಲುಗಳ ಕ್ರಮವನ್ನೂ ನೋಡಬೇಕು. ಪಿನ್ ಬದಲಾದ ಕೂಡಲೇ ಪ್ರೊಸೆಸರನ್ನು ತಡೆದು ಎಚ್ಚರಿಸುವ ಇಂಟರಪ್ಟನ್ನು, ವರದಿ ಸ್ವೀಕರಿಸುವ ಸಾಧನ ಸಿದ್ಧವಾಗುವ ಮುನ್ನವೇ ತೆರೆದರೆ, ಆ ಕಿರಿದಾದ ಅವಧಿಯಲ್ಲಿ ಯಾರಾದರೂ ಗುಂಡಿ ಒತ್ತಿದಾಗ ಡ್ರೈವರ್ ಇಲ್ಲದ ಸಾಧನಕ್ಕೆ ಬರೆಯಲು ಹೋಗಿ ಕರ್ನಲ್ ಕುಸಿಯಬಹುದು. ಡ್ರೈವರನ್ನು ತೆಗೆಯುವಾಗಲೂ ಇದೇ ಅಪಾಯ ಹಿಮ್ಮುಖವಾಗಿ ಇದೆ: ಟೈಮರ್ ಓಡುತ್ತಿರುವಂತೆಯೇ ಸಾಧನದ ಮೆಮೊರಿಯನ್ನು ಬಿಟ್ಟುಕೊಡಬಾರದು. ಇನ್ನು, ಇಂಟರಪ್ಟಿನೊಳಗೆ ಕಾಯುವಂಥ ಕೆಲಸವನ್ನು ಮಾಡುವಂತಿಲ್ಲ. ಗುಂಡಿಯ ಪಿನ್ನು ಪ್ರೊಸೆಸರ್‌ನಲ್ಲಿಲ್ಲದೆ, ನಿಧಾನವಾದ ಐ2ಸಿ ತಂತಿಯ ಆಚೆಗಿನ ಬೇರೊಂದು ಚಿಪ್‌ನಲ್ಲಿದ್ದರೆ ಅದನ್ನು ಓದುವುದೇ ಕಾಯುವ ಕೆಲಸವಾಗುತ್ತದೆ. ಇಂಥ ದೋಷಗಳನ್ನು ಗುಂಡಿ ಒತ್ತಿ ಒತ್ತಿ ಪರೀಕ್ಷಿಸಿ ಹಿಡಿಯುವುದು ಕಷ್ಟ, ಕಣ್ಣಿನಿಂದ ಓದಿ ಹಿಡಿಯುವುದು ಸುಲಭ.

ಹಾಗಾದರೆ ಯಾವ ಪಿನ್ನು ಯಾವ ಗುಂಡಿಯದು ಎಂಬುದು ಡ್ರೈವರ್‌ಗೆ ತಿಳಿಯುವುದು ಹೇಗೆ? ಇಂಟೆಲ್ ಟ್ಯಾಬ್ಲೆಟ್‌ಗಳಲ್ಲಿ ತಯಾರಕರು ಫರ್ಮ್‌ವೇರ್‌ನೊಳಗೆ, ಅಂದರೆ ಯಂತ್ರದ ಜೊತೆಗೇ ಬರುವ ಮೂಲ ತಂತ್ರಾಂಶದೊಳಗೆ, ಹಾರ್ಡ್‌ವೇರ್‌ನ ವಿವರ ಹೇಳುವ ಎಸಿಪಿಐ ಎಂಬ ಕೋಷ್ಟಕಗಳನ್ನು ಇಟ್ಟಿರುತ್ತಾರೆ. ಪಿಎನ್‌ಪಿ0ಸಿ40 ಎಂಬ ಗುರುತಿನಡಿ ಬರುವ ಪಿನ್ನುಗಳಿಗೆ ಹೆಸರಿಲ್ಲ, ಕ್ರಮವಷ್ಟೇ ಇದೆ: ಪವರ್, ಹೋಮ್, ಧ್ವನಿ ಏರಿಕೆ, ಧ್ವನಿ ಇಳಿಕೆ, ಪರದೆ ತಿರುಗದಂತೆ ತಡೆಯುವ ಗುಂಡಿ. ಈ ಕೋಷ್ಟಕಗಳನ್ನು ಪೂರ್ತಿ ನಂಬುವ ಹಾಗಿಲ್ಲ. ಕೆಲವು ಮಾದರಿಗಳಲ್ಲಿ ಫರ್ಮ್‌ವೇರ್ ತಾನೇ ನಡುವೆ ಕೈಹಾಕಿ ಪಿನ್ನಿನ ಇಂಟರಪ್ಟ್ ಹೊಂದಾಣಿಕೆಯನ್ನು ಕೆಡಿಸುವುದರಿಂದ, ಡ್ರೈವರ್ ಅಂಥ ಮಾದರಿಗಳ ಪಟ್ಟಿಯನ್ನೇ ಜೊತೆಗಿಟ್ಟುಕೊಂಡಿದೆ. ಸರ್ಫೇಸ್‌ನಲ್ಲಿ ಸಮಸ್ಯೆ ಇನ್ನೊಂದು ಬಗೆಯದು: ಪ್ರೊ 4ರ ಗುಂಡಿಗಳಿಗೆ ಕೊಟ್ಟ ಎಂಎಸ್‌ಎಚ್‌ಡಬ್ಲ್ಯು0040 ಎಂಬ ಗುರುತನ್ನೇ ನಂತರದ ಮಾದರಿಗಳಲ್ಲಿ ಬೇರೆ ರೀತಿಯ ಜೋಡಣೆಗೂ ಬಳಸಿದ್ದರಿಂದ, ಗುರುತು ಹೊಂದಿದ ಮಾತ್ರಕ್ಕೆ ಡ್ರೈವರ್ ಕೆಲಸ ಶುರುಮಾಡದೆ ಫರ್ಮ್‌ವೇರನ್ನು ಇನ್ನೊಮ್ಮೆ ವಿಚಾರಿಸಿಕೊಳ್ಳಬೇಕಾಯಿತು.

ಇವೆಲ್ಲವನ್ನೂ ಬರೆದುಕೊಟ್ಟ ಮೇಲೆ ನಾನು ಕೊನೆಗೆ ಕೇಳಿದ ಪ್ರಶ್ನೆ, ಬಹುಶಃ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ: ಈ ಡ್ರೈವರ್ ಬೇಕೇ? ಇಂಟೆಲ್ ಟ್ಯಾಬ್ಲೆಟ್ ಡ್ರೈವರ್ ಕೂಡ ಪಿನ್ನುಗಳನ್ನು ತಾನು ಓದುವುದಿಲ್ಲ. ಕೋಷ್ಟಕವನ್ನು ಓದಿ, ಗುಂಡಿಗಳ ವಿವರವನ್ನು ಸಾಮಾನ್ಯ ಡ್ರೈವರ್‌ಗೆ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತದೆ. ಅದುರಾಟ, ಎಚ್ಚರಿಸುವಿಕೆ, ಟೈಮರ್ ನಿಲ್ಲಿಸುವ ಕ್ರಮ ಎಲ್ಲವನ್ನೂ ಆ ಸಾಮಾನ್ಯ ಡ್ರೈವರ್‌ನಲ್ಲಿ ಹಿಂದಿನವರು ಪರಿಹರಿಸಿಟ್ಟಿದ್ದಾರೆ. ವಿದ್ಯಾರ್ಥಿಯ ಟ್ಯಾಬ್ಲೆಟ್‌ನ ಕೋಷ್ಟಕದ ಕ್ರಮ ಒಳಗಿನ ತಂತಿಗಳ ಕ್ರಮಕ್ಕೆ ತಾಳೆಯಾಗದಿದ್ದುದೇ ಅವನ ಗುಂಡಿಗಳು ಸತ್ತಂತೆ ಇದ್ದುದಕ್ಕೆ ಕಾರಣವಾಗಿತ್ತು. ತಿದ್ದಿದ ಪ್ಯಾಚಿನಲ್ಲಿ, ಅಂದರೆ ಕರ್ನಲ್‌ಗೆ ಕಳುಹಿಸುವ ಬದಲಾವಣೆಯಲ್ಲಿ, ಅವನ ಡ್ರೈವರ್ ಪೂರ್ತಿ ಮಾಯವಾಗಿ, ಆ ಮಾದರಿಯ ಹೆಸರು ಮತ್ತು ಸರಿಯಾದ ಕ್ರಮವನ್ನು ಹೇಳುವ ಕೆಲವು ಸಾಲುಗಳಷ್ಟೇ ಉಳಿದವು. ಈ ಕೋಡನ್ನು ಕೊಡುವ ಹಕ್ಕು ತನಗಿದೆ ಎಂದು ಕಳುಹಿಸುವವರು ಸಹಿ ಹಾಕುವ, 2004ರಿಂದ ಲಿನಕ್ಸ್‌ನಲ್ಲಿ ರೂಢಿಗೆ ಬಂದ 'ಸೈನ್ಡ್ ಆಫ್ ಬೈ' ಸಾಲಿನಲ್ಲಿ ಅವನ ಹೆಸರು, 'ರಿವ್ಯೂಡ್ ಬೈ' ಸಾಲಿನಲ್ಲಿ ನನ್ನದು ಸೇರಿದವು. 'ಟೆಸ್ಟೆಡ್ ಬೈ' ಸಾಲಿಗೆ ಅದೇ ಮಾದರಿಯ ಇನ್ನೊಂದು ಟ್ಯಾಬ್ಲೆಟ್ ಇರುವವರು ಸಿಕ್ಕಿದರೆ ಒಳ್ಳೆಯದು, ಅಂಥವರನ್ನು ಅವನು ಈಗ ಹುಡುಕುತ್ತಿದ್ದಾನೆ.