ಕಾಲಕ್ಕೆ ನೆಟ್ಟ ಬಾಂದುಕಲ್ಲು

ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪ ಹೇಳಿಸುವುದನ್ನು ಕೇಳಿದ್ದೀರಿ. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗ, ಪ್ರಥಮ ಪಾದ... ದೊಡ್ಡ ಕಾಲದಿಂದ ಚಿಕ್ಕದಕ್ಕೆ ಒಂದೊಂದೇ ಮೆಟ್ಟಿಲು ಇಳಿಯುವ ಲೆಕ್ಕ ಅದು. ಭೂವಿಜ್ಞಾನಿಗಳೂ ಹೀಗೇ ಇಳಿಯುತ್ತಾರೆ: ಫ್ಯಾನರೋಜೋಯಿಕ್, ಸೀನೋಜೋಯಿಕ್, ಕ್ವಾಟರ್ನರಿ, ಹೋಲೋಸೀನ್, ಕೊನೆಗೆ ಮೇಘಾಲಯನ್. ಹೌದು, ನಾವು ನೀವು ಬದುಕಿರುವುದು ಮೇಘಾಲಯನ್ ಕಾಲದಲ್ಲಿ. 2018ರಿಂದ ಇದು ಅಧಿಕೃತ.

ಈ ಕೊನೆಯ ಮೆಟ್ಟಿಲಿಗೆ ಎರಡು ಹೆಸರು. ಕಾಲವೆಂದು ಎಣಿಸಿದರೆ 'ಏಜ್', ಆ ಕಾಲದಲ್ಲಿ ಕೂತ ಕಲ್ಲಿನ ಪದರಗಳೆಂದು ನೋಡಿದರೆ 'ಸ್ಟೇಜ್'. ಕಾಲ ಕೈಗೆ ಸಿಗದು, ಕಲ್ಲು ಸಿಗುತ್ತದೆ. ಹಾಗಾಗಿ ಜಗಳಗಳೆಲ್ಲ ನಡೆದದ್ದು ಕಲ್ಲಿನ ಮೇಲೆಯೇ.

ಸ್ಟೇಜ್ ಎಂಬ ಕಲ್ಪನೆಯನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಆಲ್ಸಿಡ್ ಡೋರ್ಬಿನಿ. 1840ರ ದಶಕದಲ್ಲಿ ಅವನು ಪಳೆಯುಳಿಕೆಗಳನ್ನು ಆಧರಿಸಿ ಪದರಗಳನ್ನು ಗುಂಪು ಮಾಡಿ, ಊರುಗಳ ಹೆಸರಿಡುತ್ತಾ ಹೋದ. ಲೆ ಮಾನ್ಸ್ ಪಟ್ಟಣದ ಹಳೆಯ ಲ್ಯಾಟಿನ್ ಹೆಸರಿನಿಂದ ಬಂದದ್ದು ಸೆನೊಮೇನಿಯನ್. ಪ್ರತಿ ಸ್ಟೇಜಿನ ಕೊನೆಗೂ ಒಂದು ಪ್ರಳಯವಾಗಿ ಜೀವಿಗಳೆಲ್ಲ ಅಳಿದವು, ಆಮೇಲೆ ಹೊಸ ಸೃಷ್ಟಿಯಾಯಿತು ಎಂದು ಅವನ ನಂಬಿಕೆ. ಹಾಗಿದ್ದರೆ ಗಡಿ ಹಾಕುವ ಕಷ್ಟವೇ ಇಲ್ಲವಲ್ಲ! ಪ್ರಕೃತಿಯೇ ಗೆರೆ ಎಳೆದಿರುತ್ತದೆ, ನಾವು ಹುಡುಕಿದರೆ ಸಾಕು.

ಆದರೆ ಅವನು ಪ್ರಳಯ ಎಂದುಕೊಂಡ ಎಷ್ಟೋ ಗೆರೆಗಳು ಬರೀ ಖಾಲಿ ಜಾಗಗಳು. ಸಮುದ್ರ ಹಿಂದೆ ಸರಿದಾಗ ಅಲ್ಲಿ ಹೂಳು ಕೂರಲಿಲ್ಲ, ಪುಸ್ತಕದ ನಡುವಿನ ಹಾಳೆಗಳೇ ಇಲ್ಲವಾದವು. ಅದೇ ಹಾಳೆಗಳು ಬೇರೆ ದೇಶದಲ್ಲಿ ಸಿಕ್ಕಾಗ, ಇವು ಕೆಳಗಿನ ಸ್ಟೇಜಿಗೆ ಸೇರಿದವೋ ಮೇಲಿನದಕ್ಕೋ? ಒಬ್ಬೊಬ್ಬರದು ಒಂದೊಂದು ಲೆಕ್ಕ. ಕೆಲವು ಕಡೆ ಎರಡು ಸ್ಟೇಜುಗಳ ನಡುವೆ ಯಾರಿಗೂ ಸೇರದ ಕಾಲ, ಇನ್ನು ಕೆಲವೆಡೆ ಇಬ್ಬರಿಗೂ ಸೇರಿದ ಕಾಲ. ಅಳತೆಯಾಗದ ಅಣ್ಣತಮ್ಮಂದಿರ ಹೊಲದಂತೆ.

ಬಗೆಹರಿದದ್ದೂ ಹೊಲದ ಜಗಳ ಬಗೆಹರಿಯುವ ರೀತಿಯಲ್ಲೇ. ಬಾಂದುಕಲ್ಲು ನೆಟ್ಟು. ಸ್ಟೇಜಿನೊಳಗೆ ಏನೇನಿದೆ ಎಂದು ವರ್ಣಿಸುವುದನ್ನು ಬಿಟ್ಟು, ಅದು ಎಲ್ಲಿ ಶುರುವಾಗುತ್ತದೆ ಎಂಬ ಒಂದೇ ಬಿಂದುವನ್ನು, ಜಗತ್ತಿನ ಒಂದೇ ಕಡೆ, ಒಂದೇ ಪದರದಲ್ಲಿ ಗುರುತಿಸುವುದು. ತುದಿಯನ್ನು ಗುರುತಿಸುವ ಹಾಗೇ ಇಲ್ಲ. ಮುಂದಿನ ಸ್ಟೇಜಿನ ಬುಡವೇ ಹಿಂದಿನದರ ತುದಿ. ಒಂದು ಕಲ್ಲು, ಎರಡು ಹೊಲ. ನಡುವೆ ಖಾಲಿ ಉಳಿಯುವುದೂ ಇಲ್ಲ, ಒಂದರ ಮೇಲೊಂದು ಹತ್ತುವುದೂ ಇಲ್ಲ. ಇಡೀ ವ್ಯವಸ್ಥೆಯ ಜಾಣತನ ಇರುವುದು ಇಷ್ಟರಲ್ಲೇ ಅಂತ ನನಗನಿಸುತ್ತದೆ.

ಮೊದಲ ಕಲ್ಲು ಬಿದ್ದದ್ದು ಇಂದಿನ ಚೆಕ್ ದೇಶದ ಕ್ಲೊಂಕ್ ಎಂಬ ಗುಡ್ಡದಲ್ಲಿ. ಸೈಲೂರಿಯನ್ ಎಂಬ ಕಾಲ ಮುಗಿದು ಡಿವೋನಿಯನ್ ಎಂಬ ಕಾಲ ಶುರುವಾಗುವುದು ಎಲ್ಲಿ ಎಂಬುದು ಅಲ್ಲಿನ ವ್ಯಾಜ್ಯ. ಕರಿ ಜೇಡಿಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಗರಗಸದ ಅಲಗಿನಂತೆ ಕಾಣುವ ಗ್ರಾಪ್ಟೋಲೈಟ್ ಎಂಬ ಸಮುದ್ರಜೀವಿಗಳ ಗುರುತುಗಳಿವೆ. ಅವು ಕಾಣೆಯಾದಲ್ಲಿಗೆ ಸೈಲೂರಿಯನ್ ಮುಗಿಯಿತು ಎಂದು ಬಹುಕಾಲ ನಂಬಿದ್ದರು. ಆದರೆ ಬೊಹಿಮಿಯಾದಲ್ಲಿ ಡಿವೋನಿಯನ್ ಪ್ರಾಣಿಗಳ ಪಕ್ಕದಲ್ಲೇ ಗ್ರಾಪ್ಟೋಲೈಟ್‌ಗಳು ಸಿಕ್ಕವು. 1960ರಲ್ಲಿ ಸಮಿತಿ ಕೂತಿತು, ತೀರ್ಪು ಬರಲು 12 ವರ್ಷ ಹಿಡಿಯಿತು. 1972ರಲ್ಲಿ ಮಾಂಟ್ರಿಯಲ್ ಸಮ್ಮೇಳನದಲ್ಲಿ ಕ್ಲೊಂಕ್‌ನ 20ನೇ ಪದರಕ್ಕೆ ಒಪ್ಪಿಗೆ ಬಿತ್ತು. ಮೊನೊಗ್ರಾಪ್ಟಸ್ ಯೂನಿಫಾರ್ಮಿಸ್ ಎಂಬ ಗ್ರಾಪ್ಟೋಲೈಟ್ ಮೊದಲು ಕಾಣಿಸಿಕೊಳ್ಳುವುದು ಅಲ್ಲಿ. ಯಾರು ಹೋದರು ಎಂಬುದಕ್ಕಿಂತ ಯಾರು ಬಂದರು ಎಂಬುದೇ ಗಡಿಯ ಗುರುತಾಯಿತು.

ಇಂಥ ಬಿಂದುವಿಗೆ ಉದ್ದನೆಯ ಅಧಿಕೃತ ಹೆಸರೊಂದಿದೆ, ಎಲ್ಲರ ಬಾಯಲ್ಲಿ ಅದು 'ಗೋಲ್ಡನ್ ಸ್ಪೈಕ್', ಚಿನ್ನದ ಮೊಳೆ. ಚಿನ್ನವೇನೂ ಇರುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಈಡಿಯಾಕರನ್ ಗಡಿಯಲ್ಲಿರುವುದು ಕಂಚಿನ ಬಿಲ್ಲೆ.

ಮೊಳೆ ಹೊಡೆಯಲು ಎಲ್ಲ ಬಂಡೆಯೂ ಆಗದು. ಹೂಳು ನಿಲ್ಲದೆ ಕೂತಿರಬೇಕು, ಪದರ ಮಡಚಿ ಮುರಿದಿರಬಾರದು, ಅಲ್ಲಿನ ಗುರುತು ಬೇರೆ ಖಂಡಗಳಲ್ಲೂ ಸಿಗಬೇಕು, ಯಾವ ದೇಶದವರು ಬಂದರೂ ನೋಡಲು ಬಿಡಬೇಕು. ಹೀಗಾಗಿ ಸೆನೊಮೇನಿಯನ್ ಹೆಸರು ಲೆ ಮಾನ್ಸ್‌ನದಾದರೂ ಅದರ ಮೊಳೆ ಇರುವುದು ಆಲ್ಪ್ಸ್‌ನ ಮೋಂಟ್ ರಿಸೂನಲ್ಲಿ. ಭೂಮಿಯ ಅತಿದೊಡ್ಡ ಜೀವನಾಶದ ಬೆನ್ನಿಗೇ ಬರುವ ಟ್ರಯಾಸಿಕ್ ಗಡಿಗೆ ಕಾಶ್ಮೀರದ ಗುರ್ಯುಲ್ ಕಣಿವೆಯೂ ಉಮೇದುವಾರನಾಗಿತ್ತು. 2001ರಲ್ಲಿ ಗೆದ್ದದ್ದು ಚೀನಾದ ಮೈಶಾನ್.

ಮೊಳೆ ಎಲ್ಲಿ ಎಂದು ತೀರ್ಮಾನಿಸಲೂ ಮೆಟ್ಟಿಲುಗಳಿವೆ: ಮೊದಲು ಕಾರ್ಯತಂಡ, ಆಮೇಲೆ ಉಪಆಯೋಗ, ಅದರ ಮೇಲೆ ಅಂತಾರಾಷ್ಟ್ರೀಯ ಸ್ತರವಿಜ್ಞಾನ ಆಯೋಗ. ಮತದಾನದಲ್ಲಿ ಶೇ. 60 ಬೇಕು. ಕೊನೆಗೆ ಭೂವಿಜ್ಞಾನಗಳ ಅಂತಾರಾಷ್ಟ್ರೀಯ ಒಕ್ಕೂಟದ ಮುದ್ರೆ. ಮುದ್ರೆ ಬಿದ್ದ ಮೇಲೆ ಹತ್ತು ವರ್ಷ ಅದನ್ನು ಮುಟ್ಟುವಂತಿಲ್ಲ.

ವಿಜ್ಞಾನಕ್ಕೆ ಮತದಾನವೇ ಎಂದು ಮೂಗು ಮುರಿಯುವವರು ಕೆನಡಾದ ಫಾರ್ಚೂನ್ ಹೆಡ್ ಕಥೆ ಕೇಳಬೇಕು. 1992ರಲ್ಲಿ ಕೇಂಬ್ರಿಯನ್ ಯುಗದ ಬುಡವನ್ನು, ಹುಳುವಿನಂಥ ಜೀವಿಯೊಂದು ಕೊರೆದ ಬಿಲದ ಗುರುತು ಮೊದಲು ಕಾಣುವಲ್ಲಿ ಅಲ್ಲಿ ನಿಗದಿ ಮಾಡಿದರು. ಕೆಲವು ವರ್ಷಗಳ ನಂತರ ಅದೇ ಬಂಡೆಯಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಕೆಳಗೆ ಅಂಥದೇ ಬಿಲ ಸಿಕ್ಕಿತು. ಮೊಳೆ ಕಿತ್ತರೇ? ಇಲ್ಲ. ಮೊಳೆ ಇದ್ದಲ್ಲೇ ಗಡಿ. ಪಳೆಯುಳಿಕೆ ಅಲ್ಲಿಗೆ ದಾರಿ ತೋರಿಸಿದ ಕೈಮರವಷ್ಟೇ.

ಇನ್ನು ನಮ್ಮ ಲಾಲ್‌ಬಾಗ್ ಬಂಡೆ. ಕೆಂಪೇಗೌಡ ಗೋಪುರ ಹೊತ್ತ, ಸುಮಾರು 300 ಕೋಟಿ ವರ್ಷದ ಆ ಕಲ್ಲು ಯಾವ ಸ್ಟೇಜಿನದು ಎಂದರೆ, ಯಾವುದರದೂ ಅಲ್ಲ. ಅಷ್ಟು ಹಳೆಯ ಕಲ್ಲುಗಳಲ್ಲಿ ಗುರುತಿಗೆ ಒದಗುವ ಪಳೆಯುಳಿಕೆ ಇಲ್ಲ, ಸ್ಟೇಜುಗಳೂ ಇಲ್ಲ. ಅದು ಸೇರಿದ ಆರ್ಕಿಯನ್ ಮುಗಿಯುವುದು 250 ಕೋಟಿ ವರ್ಷದ ಹಿಂದೆ ಎಂದು ದುಂಡನೆಯ ಸಂಖ್ಯೆ ಹಾಕಿಬಿಟ್ಟಿದ್ದಾರೆ. ಮೊಳೆ ಎಲ್ಲೂ ಇಲ್ಲ.

ಮೇಘಾಲಯನ್‌ಗೆ ಮೊಳೆ ಇದೆ, ಅದೂ ವಿಚಿತ್ರ ಜಾಗದಲ್ಲಿ. ಚಿರಾಪುಂಜಿ ಬಳಿಯ ಮಾಮ್ಲೂ ಗುಹೆಯಲ್ಲಿ ತೊಟ್ಟಿಕ್ಕುವ ನೀರಿನಿಂದ ನೆಲದ ಮೇಲೆ ಬೆಳೆದ ಸುಣ್ಣದ ಗೂಟವೊಂದನ್ನು ತಂದು ಉದ್ದಕ್ಕೆ ಸೀಳಿದರು. ನೀರಿನಲ್ಲಿ ಯುರೇನಿಯಂ ಕರಗುತ್ತದೆ, ಥೋರಿಯಂ ಬಹುಮಟ್ಟಿಗೆ ಕರಗದು. ಹಾಗಾಗಿ ಗೂಟದೊಳಗಿನ ಥೋರಿಯಂ ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ಯುರೇನಿಯಂ ಒಡೆದು ಹುಟ್ಟಿದ್ದು. ಎರಡರ ಪ್ರಮಾಣ ನೋಡಿದರೆ ಪದರದ ವಯಸ್ಸು ಸಿಗುತ್ತದೆ. ಸುಣ್ಣದೊಳಗಿನ ಆಮ್ಲಜನಕ ಭಾರವಾದಷ್ಟೂ, ಅಂದರೆ ಅದರಲ್ಲಿ ಭಾರದ ಬಗೆಯ ಪರಮಾಣುಗಳ ಪಾಲು ಹೆಚ್ಚಿದಷ್ಟೂ, ಆ ಕಾಲದ ಮುಂಗಾರು ದುರ್ಬಲ ಎಂದರ್ಥ. ಸುಮಾರು 4,200 ವರ್ಷ ಹಿಂದಿನ ಪದರದಲ್ಲಿ ಆಮ್ಲಜನಕ ಹಠಾತ್ತನೆ ಭಾರವಾಗಿತ್ತು. ಈಜಿಪ್ಟ್, ಮೆಸೊಪಟೇಮಿಯಾಗಳಲ್ಲೂ ಬರದ ಕುರುಹು ತೋರುವ ಕಾಲ ಅದು. ಮೈಕ್ ವಾಕರ್ ನೇತೃತ್ವದ ತಂಡ ಅಲ್ಲಿಗೇ ಮೊಳೆ ಹೊಡೆಯಿತು. ಗುಹೆಯ ಗೂಟದಲ್ಲಿ ನೆಟ್ಟ ಮೊದಲ ಬಾಂದುಕಲ್ಲು ಇದು.

ತಕರಾರು ನಿಂತಿಲ್ಲ. ಅದೇ ಗುಹೆಯ ಬೇರೆ ಗೂಟಗಳಲ್ಲಿ ಕಂಡದ್ದು ಒಂದೇ ಮಹಾಬರವಲ್ಲ, ಬಿಡಿಬಿಡಿಯಾಗಿ ಬಂದುಹೋದ ದುರ್ಬಲ ಮುಂಗಾರುಗಳು. ಅಂದಿನ ನಾಗರಿಕತೆಗಳು ಬರದಿಂದಲೇ ಕುಸಿದವು ಎಂಬುದನ್ನು ಪುರಾತತ್ವಜ್ಞರಲ್ಲಿ ಹಲವರು ಒಪ್ಪುವುದಿಲ್ಲ.

ಮುಂದಿನ ಕಲ್ಲು ನೆಡುವ ಪ್ರಯತ್ನವೂ ಆಯಿತು. ಮನುಷ್ಯರದೇ ಯುಗ ಆಂತ್ರೊಪೊಸೀನ್ ಶುರುವಾಗಿದೆ, ಕೆನಡಾದ ಕ್ರಾಫರ್ಡ್ ಸರೋವರದ ಕೆಸರಿನಲ್ಲಿ ಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ ಕಾಣುವಲ್ಲಿ ಮೊಳೆ ಹೊಡೆಯೋಣ ಎಂದು 2009ರಲ್ಲಿ ಹುಟ್ಟಿದ ಕಾರ್ಯತಂಡ 2023ರಲ್ಲಿ ಸೂಚಿಸಿತು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದರೆ ಮೇಘಾಲಯನ್ 1950ರ ಆಸುಪಾಸಿನಲ್ಲೇ ಮುಗಿದಿರುತ್ತಿತ್ತು. 2024ರ ಮಾರ್ಚ್‌ನಲ್ಲಿ ಉಪಆಯೋಗದ ಮತದಾನದಲ್ಲಿ ಪ್ರಸ್ತಾಪ ಬಿದ್ದುಹೋಯಿತು. ಹಾಗಾಗಿ ಕ್ರಿ.ಶ. 2000ಕ್ಕೆ 4,250 ವರ್ಷ ತುಂಬಿಸಿಕೊಂಡ ಮೇಘಾಲಯನ್‌ಗೆ ಈಗಲೂ ವರ್ಷಕ್ಕೊಂದು ವರ್ಷ ಸೇರುತ್ತಲೇ ಇದೆ.