ಎಡವುವ ಕುದುರೆಯ ಸುಳಿ ಬಿಡಿ, ಗೊರಸು ನೋಡಿ

ಕುದುರೆ ಕೊಳ್ಳುವಾಗ ಸುಳಿ ನೋಡುವವರು ಈಗಲೂ ಇದ್ದಾರೆ. ಹಣೆಯ ಸುಳಿ ಎಲ್ಲಿದೆ, ಎದೆಯ ಮೇಲೆ ಎಷ್ಟಿವೆ ಅಂತ ದೊಡ್ಡ ಚರ್ಚೆಯೇ ನಡೆಯುತ್ತದೆ. ಕಾಲೆತ್ತಿ ಗೊರಸಿನ ಅಡಿ ನೋಡುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಆಮೇಲೆ ಸವಾರಿಯಲ್ಲಿ ಕುದುರೆ ಎಡವಿದರೆ ಅಪಶಕುನ. ಇಲ್ಲವೇ ಸೋಮಾರಿ ಅಂತ ಒಂದು ಚಾಟಿ ಏಟು.

ಕುದುರೆ ನಿಲ್ಲುವುದು ಪ್ರತಿ ಕಾಲಿನ ಒಂದೇ ಬೆರಳ ತುದಿಯ ಮೇಲೆ. ಆ ಬೆರಳಿನ ಉಗುರೇ ಗೊರಸು. ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳ ಕಟ್ಟಿದ ಮೇಲೆ ಗೊರಸಿನ ಮುಂತುದಿ ನೆಲಕ್ಕೆ ಉಜ್ಜಿ ಸವೆಯುವುದಿಲ್ಲ, ಉದ್ದವಾಗುತ್ತಲೇ ಹೋಗುತ್ತದೆ. ಆರೆಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ ಗೊರಸು ಕತ್ತರಿಸುವುದು ಇದಕ್ಕೇ.

ಉದ್ದವಾದರೆ ಏನಾಯಿತು? ಹೆಜ್ಜೆ ಎತ್ತುವಾಗ ಮೊದಲು ಹಿಮ್ಮಡಿ ಮೇಲೇಳುತ್ತದೆ, ಗೊರಸು ಮುಂತುದಿಯ ಮೇಲೆ ಉರುಳಿ ನೆಲ ಬಿಡುತ್ತದೆ. ಮುಂತುದಿ ಉದ್ದವಾದಷ್ಟೂ ಉರುಳುವ ಜಾಗ ಮುಂದಕ್ಕೆ ಹೋಗುತ್ತದೆ. ಹಿಮ್ಮಡಿ ಎತ್ತಲು ಜಾಸ್ತಿ ಬಲ ಬೇಕು, ಕಾಲಿನ ಹಿಂದಿನ ಸ್ನಾಯುರಜ್ಜು ಜಾಸ್ತಿ ಎಳೆಯಬೇಕು. ಅಷ್ಟರಲ್ಲಿ ಮೈ ಮುಂದೆ ಹೋಗಿರುತ್ತದೆ, ಕಾಲು ಹಿಂದೆ ಉಳಿದಿರುತ್ತದೆ. ಎರಡು ಸೈಜ್ ದೊಡ್ಡ ಚಪ್ಪಲಿ ಹಾಕಿಕೊಂಡು ಓಡಿ ನೋಡಿ, ಗೊತ್ತಾಗುತ್ತದೆ!

ಇನ್ನೊಂದು ಕಾರಣ ಹಿಮ್ಮಡಿಯ ನೋವು. ಗೊರಸಿನೊಳಗೆ ನ್ಯಾವಿಕ್ಯುಲರ್ ಅನ್ನುವ ಪುಟ್ಟ ಮೂಳೆಯಿದೆ. ಅದೇ ಸ್ನಾಯುರಜ್ಜು ಇದರ ಮೇಲೆ ಹಾದುಹೋಗುತ್ತದೆ. ಅಲ್ಲಿ ನೋವಾದರೆ ಕುದುರೆ ಹಿಮ್ಮಡಿ ಊರಲು ಹೆದರಿ, ಮುಂತುದಿಯನ್ನೇ ಮೊದಲು ಊರುತ್ತದೆ. ಹಾಗೆ ಊರಿದರೆ ಎಡವದೆ ಇನ್ನೇನು? ಇಂಥ ಕುದುರೆಗೆ ಚಾಟಿ ಬೀಸುವುದು ಶುದ್ಧ ಅನ್ಯಾಯ.

ಮುಂಗಾಲೇ ಜಾಸ್ತಿ ಎಡವುವುದಕ್ಕೂ ಲೆಕ್ಕವಿದೆ. ಸುಮ್ಮನೆ ನಿಂತಾಗಲೂ ಮೈತೂಕದ ಸುಮಾರು 60 ಶೇಕಡಾ ಮುಂಗಾಲುಗಳ ಮೇಲೇ ಇರುತ್ತದೆ. ಜೀನು, ಸವಾರ ಸೇರಿದರೆ ಅಲ್ಲಿನ ಭಾರ ಇನ್ನೂ ಏರುತ್ತದೆ. ಸವಾರ ಮುಂದಕ್ಕೆ ಬಾಗಿ ಕೂತರಂತೂ ಕೇಳಲೇಬೇಡಿ. ದಣಿದ ಕುದುರೆ, ಇನ್ನೂ ಪಳಗದ ಮರಿ ಕುದುರೆ ಎಡವುವುದೂ ಇಲ್ಲೇ.

1702ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ವಿಲಿಯಂನ ಕುದುರೆ ಎಡವಿತು. ನೆಲದೊಳಗೆ ಬಿಲ ತೋಡುವ ಮೋಲ್ ಎಂಬ ಪ್ರಾಣಿ ಎಬ್ಬಿಸಿದ ಮಣ್ಣುಗುಪ್ಪೆಗೆ ಕಾಲು ಸಿಕ್ಕಿತು ಅನ್ನುತ್ತಾರೆ. ರಾಜನ ಕೊರಳೆಲುಬು ಮುರಿಯಿತು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ವಿರೋಧಿಗಳು 'ಕಪ್ಪು ಮಖಮಲ್ಲಿನ ಪುಟ್ಟ ಮಹನೀಯ'ನ, ಅಂದರೆ ಆ ಮೋಲ್‌ನ, ಹೆಸರಲ್ಲಿ ಮದ್ಯದ ಲೋಟ ಎತ್ತಿದರು. ತಮಾಷೆಯೆಂದರೆ, ಕುದುರೆಗೆ ಕೊರಳೆಲುಬೇ ಇಲ್ಲ. ಮುಂಗಾಲುಗಳು ಮೈಗೆ ಅಂಟಿಕೊಂಡಿರುವುದು ಬರೀ ಮಾಂಸಖಂಡಗಳಿಂದ. ಅವು ಸೊರಗಿದರೆ ಎದೆ ತಗ್ಗುತ್ತದೆ, ಹೆಜ್ಜೆ ಭಾರವಾಗುತ್ತದೆ.

ಹಿಂಗಾಲು ಎಡವುತ್ತಿದ್ದರೆ ಮಾತ್ರ ಲಾಳ ಕಟ್ಟುವವರ ಜೊತೆಗೆ ಪಶುವೈದ್ಯರನ್ನೂ ಕರೆಯಿರಿ. ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಹೋಗಿದ್ದರೆ ಕಾಲು ಎಲ್ಲಿದೆ ಅನ್ನುವುದೇ ಕುದುರೆಗೆ ಸರಿಯಾಗಿ ತಿಳಿಯುವುದಿಲ್ಲ. ವೈದ್ಯರು ಅದನ್ನು ನಡೆಸುತ್ತಲೇ ಬಾಲವನ್ನು ಪಕ್ಕಕ್ಕೆ ಎಳೆದು ನೋಡುತ್ತಾರೆ. ಆರೋಗ್ಯವಂತ ಕುದುರೆ ತಡೆದು ನಿಲ್ಲುತ್ತದೆ. ತೊಂದರೆಯಿರುವುದು ಎಳೆದ ಕಡೆಗೇ ವಾಲುತ್ತದೆ. ಅಂಥ ಕುದುರೆಯ ಮೇಲೆ ಜೀನು ಹಾಕಬಾರದು.