ಪರೋಕ್ಷ ವೆಚ್ಚ: ಅನುದಾನದ ಬೆನ್ನಿಗೇ ಬರುವ ಖರ್ಚನ್ನು ಯಾರು ಭರಿಸಬೇಕು?

ಸರ್ಕಾರದ ಅನುದಾನದಿಂದ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯ ಲೆಕ್ಕಪತ್ರದಲ್ಲಿ ಎರಡು ಬಗೆಯ ಖರ್ಚುಗಳಿರುತ್ತವೆ. ವೃದ್ಧರ ಮನೆಬಾಗಿಲಿಗೆ ಊಟ ತಲುಪಿಸುವ ಯೋಜನೆಯೊಂದರಲ್ಲಿ ಅಡುಗೆಯವರ ಸಂಬಳ, ದಿನಸಿ ಮತ್ತು ವಾಹನದ ಇಂಧನ ಆ ಯೋಜನೆಗೇ ಸೇರಿದವೆಂದು ಬೆರಳಿಟ್ಟು ತೋರಿಸಬಹುದು. ಇವು ನೇರ ವೆಚ್ಚಗಳು. ಅದೇ ಸಂಸ್ಥೆಯ ಲೆಕ್ಕಿಗರ ಸಂಬಳ, ಕಚೇರಿಯ ವಿದ್ಯುತ್ ಬಿಲ್ಲು, ವಿಮೆಯ ಕಂತು, ಲೆಕ್ಕಪರಿಶೋಧಕರ ಶುಲ್ಕ ಮುಂತಾದವು ಸಂಸ್ಥೆ ನಡೆಸುವ ಎಲ್ಲ ಯೋಜನೆಗಳಿಗೂ ಸ್ವಲ್ಪಸ್ವಲ್ಪ ಸೇರಿರುವುದರಿಂದ ಯಾವುದೇ ಒಂದರ ಖಾತೆಗೆ ಬರೆಯಲಾಗದು. ಇವನ್ನು ಪರೋಕ್ಷ ವೆಚ್ಚ ಎನ್ನುತ್ತಾರೆ; ದಿನಬಳಕೆಯಲ್ಲಿ ಆಡಳಿತ ವೆಚ್ಚ, ಓವರ್‌ಹೆಡ್ ಎಂಬ ಹೆಸರುಗಳೂ ಇವೆ.

ಇದನ್ನು ಪೋಲಾಗುವ ಹಣವೆಂದು ಕಾಣುವ ರೂಢಿ ದಾನಿಗಳಲ್ಲಿಯೂ ಅಧಿಕಾರಿಗಳಲ್ಲಿಯೂ ಬಲವಾಗಿದೆ. ‘ನೂರು ರೂಪಾಯಿಯಲ್ಲಿ ಫಲಾನುಭವಿಗೆ ಎಷ್ಟು ಮುಟ್ಟಿತು?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸರ್ಕಾರಿ ಅನುದಾನದ ವಿಷಯದಲ್ಲಿ ಈ ಖರ್ಚಿನ ಒಂದು ದೊಡ್ಡ ಪಾಲನ್ನು ಹುಟ್ಟಿಸುವುದು ಅನುದಾನವೇ ಎಂಬುದನ್ನು ಮರೆಯಲಾಗದು. ಪ್ರತ್ಯೇಕ ಲೆಕ್ಕ, ಯಾರು ಯಾವ ಯೋಜನೆಗೆ ಎಷ್ಟು ಹೊತ್ತು ದುಡಿದರೆಂಬ ದಾಖಲೆ, ಖರೀದಿಗೆ ದರಪಟ್ಟಿಗಳು, ನಿಗದಿತ ಅವಧಿಯ ವರದಿಗಳು, ಇವುಗಳಲ್ಲಿ ಯಾವುದೂ ಊರಿನ ದಾನಿಯೊಬ್ಬರು ಕೊಟ್ಟ ಚೆಕ್ಕಿನ ಜೊತೆಗೆ ಬರುವುದಿಲ್ಲ. ಹಣದ ಹೊಣೆಗಾರಿಕೆಗೆ ಇವೆಲ್ಲ ಅಗತ್ಯವೆಂದು ಸರ್ಕಾರ ಭಾವಿಸುವುದಾದರೆ, ಅವುಗಳ ಖರ್ಚನ್ನೂ ಅನುದಾನದ ಭಾಗವೆಂದು ಒಪ್ಪಬೇಕಾಗುತ್ತದೆ.

ಈ ತರ್ಕವನ್ನು ಅಮೆರಿಕದ ಒಕ್ಕೂಟ ಸರ್ಕಾರ ನಿಯಮದ ರೂಪದಲ್ಲಿ ಬರೆದಿಟ್ಟಿದೆ. ಅಲ್ಲಿ ದೊಡ್ಡ ಸಂಸ್ಥೆಗಳು ತಮ್ಮ ಪರೋಕ್ಷ ವೆಚ್ಚದ ಪೂರ್ಣ ಲೆಕ್ಕ ಕೊಟ್ಟು ಒಕ್ಕೂಟದ ಇಲಾಖೆಯೊಂದರೊಡನೆ ಮಾತುಕತೆಯ ಮೂಲಕ ದರವೊಂದನ್ನು ಗೊತ್ತುಮಾಡಿಕೊಳ್ಳುತ್ತವೆ. ಆ ಲೆಕ್ಕ ಸಿದ್ಧಪಡಿಸುವುದಕ್ಕೇ ತಜ್ಞರು ಬೇಕು. ಹತ್ತು ಜನರ ಸಂಸ್ಥೆಗೆ ಅದು ಕೈಗೆಟುಕದ ಮಾತು. ಹೀಗಾಗಿ 2014ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಏಕರೂಪ ನಿಯಮಾವಳಿ, ಅಂಥ ದರವನ್ನು ಎಂದೂ ಪಡೆದಿರದ ಸಂಸ್ಥೆಗಳಿಗೆ ಶೇ. 10ರ ಸರಳ ದರವೊಂದನ್ನು ಕೊಟ್ಟಿತು. ‘ಡಿ ಮಿನಿಮಿಸ್ ದರ’ ಎಂದು ಹೆಸರಾದ ಇದನ್ನು ಆರಿಸಿಕೊಂಡವರು ಖರ್ಚಿನ ಸಮರ್ಥನೆಗೆ ದಾಖಲೆ ಒದಗಿಸಬೇಕಿಲ್ಲ. 2024ರ ಅಕ್ಟೋಬರ್ 1ರಿಂದ ಈ ದರ ಶೇ. 15ರವರೆಗೆ ಏರಿತು. ಕಾನೂನಿನಲ್ಲೇ ಬೇರೆ ಮಿತಿ ಇಲ್ಲದಿದ್ದರೆ, ಇದಕ್ಕಿಂತ ಕಡಿಮೆ ದರಕ್ಕೆ ಒಪ್ಪಿಕೊಳ್ಳಿ ಎಂದು ಅನುದಾನ ಕೊಡುವ ಇಲಾಖೆಯಾಗಲಿ, ಒಕ್ಕೂಟದ ಹಣವನ್ನು ನಡುವೆ ನಿಂತು ಹಂಚುವ ರಾಜ್ಯ ಅಥವಾ ಕೌಂಟಿಯಾಗಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಒತ್ತಾಯಿಸುವಂತಿಲ್ಲ. ನನ್ನ ದೃಷ್ಟಿಯಲ್ಲಿ ನಿಯಮದ ಜೀವಾಳ ಇರುವುದು ಶೇಕಡಾವಾರು ಅಂಕಿಗಿಂತ ಹೆಚ್ಚಾಗಿ ಈ ಕೊನೆಯ ಮಾತಿನಲ್ಲಿ, ಏಕೆಂದರೆ ಸಣ್ಣ ಸಂಸ್ಥೆಗಳು ಹಣ ಪಡೆಯುವುದು ಹೆಚ್ಚಾಗಿ ಈ ನಡುವಣ ಕಚೇರಿಗಳ ಮೂಲಕವೇ.

ಶೇ. 15 ಎಂದರೆ ಯಾವುದರ ಶೇ. 15 ಎಂಬುದನ್ನು ಇಲ್ಲಿ ನಿಂತು ನೋಡಬೇಕು. ಒಟ್ಟು ಅನುದಾನದ ಮೇಲಲ್ಲ, ‘ಪರಿಷ್ಕೃತ ಒಟ್ಟು ನೇರ ವೆಚ್ಚ’ ಎಂಬ ಮೊತ್ತದ ಮೇಲೆ ಈ ದರ ಅನ್ವಯಿಸುತ್ತದೆ. ಆ ಮೊತ್ತದಿಂದ ದೊಡ್ಡ ಉಪಕರಣಗಳು, ಬಾಡಿಗೆ, ವಿದ್ಯಾರ್ಥಿವೇತನದಂಥ ಬಾಬ್ತುಗಳನ್ನು ಕಳೆಯಲಾಗುತ್ತದೆ. ಇನ್ನೊಂದು ಸಂಸ್ಥೆಗೆ ಕೊಟ್ಟ ಉಪ ಅನುದಾನದಲ್ಲಿ ಮೊದಲ 50,000 ಡಾಲರ್ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಮೇಲೆ ಹೇಳಿದ ಊಟದ ಯೋಜನೆಯಲ್ಲಿ ಸಂಬಳಕ್ಕೆ 90,000, ದಿನಸಿ ಮತ್ತು ಇಂಧನಕ್ಕೆ 30,000, ಶೀತಲ ವಾಹನಕ್ಕೆ 45,000, ಅಡುಗೆಮನೆಯ ಬಾಡಿಗೆಗೆ 12,000, ಪಕ್ಕದ ಊರಿನಲ್ಲಿ ಇದೇ ಕೆಲಸ ಮಾಡುವ ಸಂಸ್ಥೆಗೆ ಉಪ ಅನುದಾನವಾಗಿ 70,000, ಹೀಗೆ ಒಟ್ಟು 2,47,000 ಡಾಲರ್ ನೇರ ವೆಚ್ಚವಿದೆ ಎಂದುಕೊಳ್ಳೋಣ. ವಾಹನವನ್ನೂ ಬಾಡಿಗೆಯನ್ನೂ ಉಪ ಅನುದಾನದ 20,000ವನ್ನೂ ಕಳೆದರೆ 1,70,000 ಉಳಿಯುತ್ತದೆ, ಅದರ ಶೇ. 15 ಎಂದರೆ 25,500 ಡಾಲರ್. ಹಳೆಯ ನಿಯಮದಲ್ಲಿ ಉಪ ಅನುದಾನದ ಮಿತಿ 25,000 ಇದ್ದುದರಿಂದ ಇದೇ ಯೋಜನೆಗೆ 14,500 ಡಾಲರ್ ಮಾತ್ರ ಸಿಗುತ್ತಿತ್ತು. ಏರಿಕೆ ದೊಡ್ಡದೇ, ಆದರೂ ಒಟ್ಟು ನೇರ ವೆಚ್ಚಕ್ಕೆ ಹೋಲಿಸಿದರೆ ಹೊಸ ಮೊತ್ತ ಶೇ. 10ಕ್ಕಿಂತ ತುಸು ಹೆಚ್ಚು, ಅಷ್ಟೆ.

ಈ ಅನುಕೂಲಕ್ಕೆ ಮಿತಿಗಳೂ ಇವೆ. ಕೆಲವು ಯೋಜನೆಗಳ ಕಾನೂನೇ ಆಡಳಿತ ವೆಚ್ಚಕ್ಕೆ ಗೆರೆ ಎಳೆದಿರುತ್ತದೆ: ಸಮುದಾಯ ಸೇವೆಗೆ ಜನರನ್ನು ತೊಡಗಿಸುವ ಒಕ್ಕೂಟ ಸರ್ಕಾರದ ಸಂಸ್ಥೆಯಾದ ಅಮೆರಿಕಾರ್ಪ್ಸ್‌ನ ಅನುದಾನದಲ್ಲಿ ಅದು ಶೇ. 5. ಲೆಕ್ಕಿಗರ ಸಂಬಳವನ್ನು ಒಮ್ಮೆ ನೇರ ವೆಚ್ಚದಲ್ಲಿ, ಇನ್ನೊಮ್ಮೆ ಪರೋಕ್ಷ ವೆಚ್ಚದಲ್ಲಿ ತೋರಿಸುವಂತಿಲ್ಲ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಹಣ ಕೈಸೇರುವ ಹೊತ್ತಿನ ಪ್ರಶ್ನೆ. ಮೊದಲು ಖರ್ಚು ಮಾಡಿ, ಬಿಲ್ಲು ಸಲ್ಲಿಸಿ, ಆಮೇಲೆ ಮರುಪಾವತಿ ಪಡೆಯಿರಿ ಎಂಬ ಕರಾರುಗಳಲ್ಲಿ, ಕೂಡಿಟ್ಟ ನಿಧಿಯಿಲ್ಲದ ಸಂಸ್ಥೆಗೆ ದರ ಎಷ್ಟಿದ್ದರೂ ತಿಂಗಳ ಸಂಬಳದ ಚಿಂತೆ ತಪ್ಪುವುದಿಲ್ಲ. ಇಂಥಲ್ಲಿ ದೊಡ್ಡ ಸಂಸ್ಥೆಯೊಂದು ಅನುದಾನವನ್ನು ತನ್ನ ಹೆಸರಿನಲ್ಲಿ ಪಡೆದು, ಶುಲ್ಕವೊಂದನ್ನು ಹಿಡಿದುಕೊಂಡು ಲೆಕ್ಕ, ವರದಿ, ಪರಿಶೋಧನೆಗಳ ಹೊಣೆ ಹೊರುವ ‘ಫಿಸ್ಕಲ್ ಸ್ಪಾನ್ಸರ್’ ಏರ್ಪಾಡು ಚಾಲ್ತಿಯಲ್ಲಿದೆ. ಮೊಹಲ್ಲಾ ಮಟ್ಟದ ಸಂಘಗಳಿಗೆ ಇದು ದರದ ಏರಿಕೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎನ್ನಬಹುದು.

ಭಾರತದಲ್ಲಿ ಇದೇ ವಿಷಯದ ಚರ್ಚೆಯಲ್ಲಿ ಬೇರೆಬೇರೆ ಶೇಕಡಾವಾರುಗಳು ಕಲಸಿಹೋಗುವುದನ್ನು ಕಾಣುತ್ತೇವೆ. ಅಮೆರಿಕದಲ್ಲಿ ನೆಲೆಸಿದ ವಿದೇಶಿ ಪೌರತ್ವದ ಕನ್ನಡಿಗರೊಬ್ಬರು ತಮ್ಮ ಊರಿನ ಸಂಸ್ಥೆಗೆ ಕಳುಹಿಸುವ ದೇಣಿಗೆಗೆ ವಿದೇಶಿ ವಂತಿಗೆ ಕಾಯ್ದೆ ಅನ್ವಯಿಸುತ್ತದೆ. 2020ರ ತಿದ್ದುಪಡಿ ಅದರಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಯಮದ ಶೇ. 5 ಎಂಬುದು ಕಂಪನಿಯು ತನ್ನ ಸ್ವಂತ ನಿರ್ವಹಣೆಗೆ ಮಾಡುವ ಖರ್ಚಿನ ಮಿತಿಯೇ ಹೊರತು, ಕ್ಷೇತ್ರದಲ್ಲಿ ಕೆಲಸ ಮಾಡುವ ಸಂಸ್ಥೆಯ ಕೈಕಟ್ಟಲು ಮಾಡಿದ್ದಲ್ಲ. ಇವೆರಡೂ ಸರ್ಕಾರಿ ಅನುದಾನದ ನಿಯಮಗಳಲ್ಲ.

ಕೇಂದ್ರದ ಅನುದಾನಗಳನ್ನು ಆಳುವುದು 2017ರ ಸಾಮಾನ್ಯ ಹಣಕಾಸು ನಿಯಮಗಳು. ಪ್ರತಿವರ್ಷ ಬರುವ ಅನುದಾನವಾದರೆ, ಹಿಂದಿನ ವರ್ಷದ ಹಣ ಬಳಕೆ ಪ್ರಮಾಣಪತ್ರವೂ ಪರಿಶೋಧಿತ ಲೆಕ್ಕವೂ ಸಲ್ಲಿಕೆಯಾಗದೆ ಮುಂದಿನ ವರ್ಷದ ಮೊತ್ತದಲ್ಲಿ ಶೇ. 75ಕ್ಕಿಂತ ಹೆಚ್ಚು ಬಿಡುಗಡೆಯಾಗುವುದಿಲ್ಲ. ಆ ಪ್ರಮಾಣಪತ್ರದ ನಮೂನೆಯಲ್ಲಿ ಸಾಮಾನ್ಯ, ಸಂಬಳ, ಬಂಡವಾಳ ಆಸ್ತಿ ಎಂಬ ಬಾಬ್ತುಗಳಿವೆ, ಪರೋಕ್ಷ ವೆಚ್ಚಕ್ಕೆಂದು ಅಂಕಣವಿಲ್ಲ. ಲೆಕ್ಕಿಗರ ಸಂಬಳಕ್ಕೆ ಹಣ ಸಿಗುತ್ತದೆಯೇ ಎಂಬುದು ಆಯಾ ಯೋಜನೆಯ ಮಾರ್ಗಸೂಚಿಯಲ್ಲಿರುವ ವೆಚ್ಚದ ಪಟ್ಟಿಯನ್ನು ಅವಲಂಬಿಸಿದೆ. ಅರ್ಜಿ ಹಾಕುವ ಮೊದಲೇ ಆ ಪಟ್ಟಿ ನೋಡಿ, ಅದರಲ್ಲಿಲ್ಲದ ಖರ್ಚನ್ನು ಯಾವ ಮೂಲದಿಂದ ತುಂಬಿಕೊಳ್ಳುವುದೆಂದು ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.